ಅಪ್ಪನ ಜೇಬಿನಲ್ಲಿದ್ದ ಹದಿನಾರರ ಫ್ಯೂಸು

ಲಾಂಡ್ರಿಯ ಹೆಂಗಸರು ನಮ್ಮಪ್ಪನಿಗೆ ಇಟ್ಟ ಹೆಸರು ನಿಧಾನಣ್ಣ. ಫ್ಯೂಸು ಹೋದರೆ ಬೇರೆ ಯಾರಾದರೂ ಐದು ನಿಮಿಷದಲ್ಲಿ ಹೊಸದು ಸಿಕ್ಕಿಸಿ ಕೈ ಒರೆಸಿಕೊಂಡು ಹೋಗುತ್ತಾರೆ, ಈ ಮನುಷ್ಯ ಮಾತ್ರ ಮುಕ್ಕಾಲು ಗಂಟೆ ಮಷೀನಿನ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಡುತ್ತಾನೆ ಎಂಬುದು ಅವರ ದೂರು.

"ನಿಧಾನಣ್ಣ, ಫ್ಯೂಸು ಹಾಕ್ತಿದ್ದೀರೋ, ಅದಕ್ಕೆ ಕಥೆ ಹೇಳ್ತಿದ್ದೀರೋ?"

"ಕಥೆ ಹೇಳ್ತಿರೋದು ಅದು ಕಣ್ರಮ್ಮ. ನೀವು ಸ್ವಲ್ಪ ಬಾಯಿಗೆ ರಜೆ ಕೊಟ್ರೆ ನನಗೆ ಕೇಳಿಸುತ್ತೆ."

ಅಪ್ಪನ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಬರುವುದು ಪ್ರೀತಿಯಲ್ಲ, ಸಿಟ್ಟು. ಯಾರ ಮೇಲೆ ಎಂದು ಹೇಳುತ್ತಾ ಹೋಗುತ್ತೇನೆ. ಆ ಪಟ್ಟಿಯಲ್ಲಿ ನನ್ನ ಹೆಸರೂ ಇದೆ, ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಆ ಲಾಂಡ್ರಿಯಲ್ಲಿ ಮೂರು ಆಸ್ಪತ್ರೆ ಮತ್ತು ನಾಲ್ಕಾರು ಹಾಸ್ಟೆಲುಗಳ ಹಾಸಿಗೆ ಬಟ್ಟೆ ಒಗೆಯುತ್ತಿದ್ದರು. ಉದ್ದನೆಯ ತಗಡಿನ ಷೆಡ್ಡು. ಒಂದು ಬದಿಗೆ ಒಗೆಯುವ ಮಷೀನುಗಳು, ನಡುವೆ ನೀರು ಹಿಂಡುವ ಎರಡು ಮಷೀನು, ಇನ್ನೊಂದು ಬದಿಗೆ ಇಸ್ತ್ರಿಯ ಸಾಲು. ನೆಲ ಸದಾ ಒದ್ದೆ, ಗಾಳಿ ಸದಾ ಬಿಸಿ. ಒದ್ದೆ ನೆಲದಲ್ಲಿ ನಿಂತ ಮೂವತ್ತು ಹೆಂಗಸರು ಮತ್ತು ಕರೆಂಟಿನ ನಡುವೆ ನಾನೊಬ್ಬ ಇದ್ದೇನೆ ಎಂಬ ಭಾವನೆಯಲ್ಲೇ ಅಪ್ಪ ಮೂವತ್ತು ವರ್ಷ ಕಳೆದ. ಮೆಟ್ಟಿಲ ಕೆಳಗಿನ ಸಣ್ಣ ಕೋಣೆ ಅವನದು. ಅಲ್ಲಿ ಫ್ಯೂಸು ಇಡಲು ಸಣ್ಣ ಸಣ್ಣ ಖಾನೆಗಳ ಒಂದು ಮರದ ಕಪಾಟು, ಪ್ರತಿ ಖಾನೆಯ ಮೇಲೂ ಅಪ್ಪನ ಗುಂಡು ಅಕ್ಷರದ ಅಂಕಿ: ಎರಡು, ಐದು, ಹತ್ತು, ಹದಿನಾರು, ಇಪ್ಪತ್ತು, ಮೂವತ್ತೆರಡು. ಒಂದು ಖಾನೆಯದು ಇನ್ನೊಂದಕ್ಕೆ ಹೋಗುವಂತಿಲ್ಲ. ಮನೆಯಲ್ಲಿ ತನ್ನ ಕನ್ನಡಕ ಎಲ್ಲಿಟ್ಟೆ ಎಂದು ದಿನಾ ಪರದಾಡುವ ಮನುಷ್ಯನಿಗೆ ಅಲ್ಲಿ ಕಣ್ಣು ಮುಚ್ಚಿಕೊಂಡು ಕೈ ಹಾಕಿದರೂ ಬೇಕಾದ್ದೇ ಸಿಗುತ್ತಿತ್ತು.

ಅವನ ಕ್ರಮ ನನಗೆ ಬಾಯಿಪಾಠ. ಮೊದಲು ಮೇನ್ ಸ್ವಿಚ್ಚು ಆಫ್ ಮಾಡಿ, ಅದಕ್ಕೆ ಬೀಗ ಹಾಕಿ, ಬೀಗದಕೈ ತನ್ನ ಜೇಬಿಗೆ. ಆಮೇಲೆ ಮೀಟರು ಹಿಡಿದು ನಿಜವಾಗಿಯೂ ಕರೆಂಟು ಇಲ್ಲವೇ ಎಂದು ನೋಡುವುದು. ಆಮೇಲೆ ಸುಟ್ಟ ಫ್ಯೂಸನ್ನು ತೆಗೆದು ಅದರ ತುದಿಯಲ್ಲಿ ಬರೆದದ್ದನ್ನು ಓದುವುದು: ಎಷ್ಟು ಆಂಪ್ಸು, ಎಷ್ಟು ವೋಲ್ಟು, ತಕ್ಷಣ ಹೋಗುವ ಜಾತಿಯೋ ಸ್ವಲ್ಪ ತಡೆದು ಹೋಗುವ ಜಾತಿಯೋ. ಆಮೇಲೆ ಅದು ಯಾಕೆ ಹೋಯಿತು ಎಂದು ಹುಡುಕುವುದು. ಹೊಸದನ್ನು ಹಾಕುವುದು ಎಲ್ಲಕ್ಕಿಂತ ಕೊನೆಯ ಕೆಲಸ, ಅದಕ್ಕೆ ಅರ್ಧ ನಿಮಿಷ ಸಾಕು.

ನಮ್ಮ ಮನೆಯ ಇಸ್ತ್ರಿಪೆಟ್ಟಿಗೆಯ ಫ್ಯೂಸು ಹೋದಾಗ ಅಪ್ಪ ನನ್ನನ್ನೇ ಕೂರಿಸಿ ಹಾಕಿಸಿದ್ದ. ಆಗ ನಾನು ಹೈಸ್ಕೂಲು.

"ಹಿಂದೆ ತಿರುಗಿಸಿ ನೋಡು, ಎಷ್ಟು ವಾಟು?"

"ಸಾವಿರ."

"ಇನ್ನೂರ ಮೂವತ್ತರಿಂದ ಭಾಗಿಸು."

"ನಾಲ್ಕು ಚಿಲ್ಲರೆ."

"ಹಾಗಾದ್ರೆ ಅದರ ಮೇಲಿನದು ಯಾವುದು? ಐದು. ಐದೇ ಹಾಕ್ಬೇಕು. ಎರಡು ಹಾಕಿದ್ರೆ ಸುಮ್ಮಸುಮ್ಮನೆ ಹೋಗುತ್ತೆ. ಇಪ್ಪತ್ತು ಹಾಕಿದ್ರೆ?"

"ಹೋಗೋದೇ ಇಲ್ಲ."

"ಅದೇ ಅಪಾಯ. ಫ್ಯೂಸು ಹೋಗಲ್ಲ, ವೈರು ಹೋಗುತ್ತೆ. ವೈರು ಹೋದ್ರೆ ಮನೆ ಹೋಗುತ್ತೆ. ಗೂಡಲ್ಲಿ ಕೂತ್ಕೊಳ್ತು ಅಂದ ಮಾತ್ರಕ್ಕೆ ಅದು ಸರಿಯಾದ ಫ್ಯೂಸಲ್ಲ ಮಗಳೇ. ಗಾತ್ರ ಒಂದೇ ಇರುತ್ತೆ, ಒಳಗಿನದು ಬೇರೆ."

ಅವನಿಗೆ ಮೈ ಉರಿಸುವ ಮಾತು ಒಂದೇ ಒಂದು: 'ಇವತ್ತೊಂದು ದಿನ'. ಇವತ್ತೊಂದು ದಿನ ವೈರು ಸುತ್ತಿಬಿಡಿ, ಇವತ್ತೊಂದು ದಿನ ದಪ್ಪದ್ದು ಹಾಕಿಬಿಡಿ, ನಾಳೆ ಸರಿ ಮಾಡೋಣ. ಯಾರಾದರೂ ಹಾಗೆಂದರೆ ಅಪ್ಪ ಕೈಯಲ್ಲಿದ್ದ ಸ್ಕ್ರೂಡ್ರೈವರು ಕೆಳಗಿಟ್ಟು, "ಆ ನಾಳೆ ಯಾವತ್ತಾದ್ರೂ ಬಂದಿದ್ದನ್ನ ನೀವು ನೋಡಿದ್ದೀರಾ?" ಎಂದು ಕೇಳುತ್ತಿದ್ದ. ಮ್ಯಾನೇಜರನ್ನೂ ಬಿಟ್ಟವನಲ್ಲ.

ಜಗಳವಾಡಿ ಅವನೇ ಒಂದು ನಿಯಮ ತರಿಸಿದ್ದ. ಯಾವ ಮಷೀನಿನ ಫ್ಯೂಸು ಬದಲಾಯಿಸಿದರೂ ಅದಕ್ಕೊಂದು ಚೀಟಿ ಕಟ್ಟಬೇಕು, ಚೀಟಿಯಲ್ಲಿ ಅಪ್ಪನ ಸಹಿ ಇಲ್ಲದೆ ಮಷೀನು ಚಾಲೂ ಮಾಡುವಂತಿಲ್ಲ. ಚೀಟಿಯಲ್ಲಿ ನಾಲ್ಕು ಸಾಲು: ಯಾವ ಮಷೀನು, ಯಾವ ಫ್ಯೂಸು ಹೋಯಿತು, ಯಾವುದನ್ನು ಹಾಕಿದೆ, ಯಾಕೆ ಹೋಯಿತು. ಕೆಳಗೆ ಸಹಿ, ತಾರೀಖು. ನಾಲ್ಕನೇ ಸಾಲನ್ನು ಅಪ್ಪ ಒಂದು ದಿನವೂ ಖಾಲಿ ಬಿಟ್ಟವನಲ್ಲ. ಕಾರಣ ಸಿಗದಿದ್ದರೆ ಮಷೀನು ನಿಂತೇ ಇರುತ್ತಿತ್ತು. ಆಗ ಆ ಮಷೀನಿನ ಫ್ಯೂಸನ್ನು ತೆಗೆದು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡು ಮನೆಗೇ ಬಂದುಬಿಡುತ್ತಿದ್ದ, ತಾನಿಲ್ಲದಾಗ ಯಾರೂ ಕೈ ಹಾಕದಿರಲಿ ಎಂದು. ಅಮ್ಮ ಬಟ್ಟೆ ಒಗೆಯುವಾಗ ಎಷ್ಟೋ ಸಲ ಅವು ಬಕೆಟ್ಟಿನ ತಳದಲ್ಲಿ ಸಿಗುತ್ತಿದ್ದವು. "ಮಗಳಿಗೆ ಒಂದು ಚಾಕೊಲೇಟು ತರಕ್ಕೆ ಮರೀತೀರಿ, ಇದನ್ನ ಮಾತ್ರ ಮರೆಯಲ್ಲ" ಎಂದು ಬೈಯುತ್ತಿದ್ದಳು.

ಇನ್ನು ಮಾವನ ವಿಷಯ. ಹೇಳಬೇಕಲ್ಲ, ಹೇಳುತ್ತೇನೆ.

ಮಾವ ಅಮ್ಮನಿಗಿಂತ ಹನ್ನೆರಡು ವರ್ಷ ಚಿಕ್ಕವನು. ಅಜ್ಜಿ ಹಾಸಿಗೆ ಹಿಡಿದ ಮೇಲೆ ಅಮ್ಮನೇ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು. ಅಮ್ಮನ ಮದುವೆಯಾದಾಗ ಅವಳ ಹಿಂದೆಯೇ ನಮ್ಮ ಮನೆಗೆ ಬಂದ. ನನಗೆ ಸೈಕಲ್ಲು ಕಲಿಸಿದ್ದು ಅವನು. ಬಿದ್ದು ಮೊಣಕಾಲು ತರಚಿಕೊಂಡಾಗ, ಅಮ್ಮನಿಗೆ ಗೊತ್ತಾಗಬಾರದೆಂದು ತನ್ನ ಪ್ಯಾಂಟನ್ನೂ ಹರಿದುಕೊಂಡು ತಾನೇ ಬಿದ್ದೆ ಎಂದು ಹೇಳಿದ್ದು ಅವನು. ಬೀದಿಯ ತುದಿಯಲ್ಲಿ ಅವನ ಸಿಳ್ಳೆ ಕೇಳಿದರೆ ನಾನು ಓದುವುದನ್ನು ಬಿಟ್ಟು ಓಡುತ್ತಿದ್ದೆ. ಎರಡು ಕೆಲಸ ಹಿಡಿದು ಎರಡನ್ನೂ ಬಿಟ್ಟು ಮನೆಯಲ್ಲಿ ಕೂತಾಗ, ಅಪ್ಪ ಮ್ಯಾನೇಜರ ಕೈಕಾಲು ಹಿಡಿದು ಲಾಂಡ್ರಿಗೆ ಸೇರಿಸಿದ. ಸ್ವಿಚ್ಚು ಯಾವ ಕಡೆ ಒತ್ತಬೇಕು ಎಂಬುದರಿಂದ ಹಿಡಿದು ಮೋಟಾರು ಬಿಚ್ಚಿ ಸುತ್ತುವವರೆಗೆ ಕೈ ಹಿಡಿದು ಕಲಿಸಿದ. ಮಾವ ಚುರುಕು. ಅಪ್ಪನಿಗೆ ಮುಕ್ಕಾಲು ಗಂಟೆಯ ಕೆಲಸ ಅವನಿಗೆ ಹತ್ತು ನಿಮಿಷ. ಹೆಂಗಸರಿಗೆ ಅವನೆಂದರೆ ಪ್ರಾಣ.

"ಭಾವ ಅಷ್ಟು ಹೊತ್ತು ಏನು ಮಾಡ್ತಾರೆ ಗೊತ್ತಾ ಪುಟ್ಟಿ? ಫ್ಯೂಸಿನ ಕ್ಷೇಮಸಮಾಚಾರ ವಿಚಾರಿಸ್ತಾರೆ" ಎಂದು ಊಟಕ್ಕೆ ಕೂತಾಗ ಗೇಲಿ ಮಾಡುತ್ತಿದ್ದ. ಅಪ್ಪನೂ ನಗುತ್ತಿದ್ದ. ಹೆಂಡತಿಯ ತಮ್ಮ ಅಂದರೆ ಅಪ್ಪನಿಗೆ ಮಗನ ಲೆಕ್ಕ. ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೂ ಹಾಗೆಯೇ.

ಏಳು ವರ್ಷದ ಹಿಂದೆ ಅಪ್ಪನ ಬಲಗಣ್ಣಿಗೆ ಪೊರೆ ಬಂತು. ಆಪರೇಷನ್ನಿಗೆ ದಿನ ಗೊತ್ತಾಯಿತು. ಅದೇ ವಾರ ಎರಡನೇ ಹಿಂಡೋ ಮಷೀನು ಕೈಕೊಟ್ಟಿತು. ಅದರ ಹದಿನಾರರ ಫ್ಯೂಸು ಎರಡು ಸಲ ಹೋಯಿತು. ಅಪ್ಪ ಬೆಲ್ಟು ಬಿಚ್ಚಿ, ಕೈಯಲ್ಲಿ ಚಕ್ರ ತಿರುಗಿಸಿ, ಕಿವಿಗೊಟ್ಟು ಕೇಳಿ, ಒಳಗಿನ ಬೇರಿಂಗು ಹಿಡಿದುಕೊಳ್ಳುತ್ತಿದೆ, ಅದಕ್ಕೇ ಮೋಟಾರು ಎರಡರಷ್ಟು ಕರೆಂಟು ಎಳೆಯುತ್ತಿದೆ ಎಂದು ಪತ್ತೆ ಮಾಡಿದ. ಹೊಸ ಬೇರಿಂಗು ಬರಲು ಒಂದು ವಾರ ಬೇಕಿತ್ತು. ಮಷೀನು ನಿಲ್ಲಿಸಿ, ಆಮೇಲೆ ಹಾಕಿದ್ದ ಹೊಸ ಹದಿನಾರರ ಫ್ಯೂಸನ್ನೂ ಕಿತ್ತು ಜೇಬಿಗೆ ಹಾಕಿಕೊಂಡ.

ಆಪರೇಷನ್ನಿನ ಹಿಂದಿನ ದಿನ ಸಂಜೆ ಮಾವ ಮನೆಗೆ ಬಂದ, ಕೈಯಲ್ಲಿ ಖಾಲಿ ಚೀಟಿಗಳ ಕಟ್ಟು.

"ಭಾವ, ನೀವು ನಾಲ್ಕು ದಿನ ಬರಲ್ಲ. ಇಸ್ತ್ರಿ ಕಡೆ ಸಣ್ಣಪುಟ್ಟ ಫ್ಯೂಸು ಹೋಗ್ತಾನೇ ಇರುತ್ತೆ. ನನ್ನ ಸಹಿ ನಡೆಯಲ್ಲ. ಒಂದಾರು ಚೀಟಿಗೆ ಸಹಿ ಹಾಕಿ ಕೊಟ್ಬಿಡಿ."

ಅಪ್ಪ ಹಾಕಿಕೊಟ್ಟ. ಅಂಗಡಿಯಿಂದ ತಂದ ಹೊಸ ಫ್ಯೂಸನ್ನೂ ಮೀಟರಿಗೆ ಹಿಡಿದು ನೋಡದೆ ನಂಬದ ಮನುಷ್ಯ, ಆರು ಖಾಲಿ ಚೀಟಿಗಳ ಕೆಳಗೆ ಒಂದರ ಹಿಂದೆ ಒಂದು ಸಹಿ ಎಳೆದು, "ಹಿಂಡೋ ಮಷೀನು ಮಾತ್ರ ಮುಟ್ಬೇಡ ಮಾರಾಯ" ಎಂದು ಹೇಳಿ ಕೊಟ್ಟ. ವೈರನ್ನು ನಂಬುತ್ತಿರಲಿಲ್ಲ, ಮನೆಯವರನ್ನು ನಂಬಿದ. ನಾನು ಅಲ್ಲೇ ಟೀ ಲೋಟ ಹಿಡಿದು ನಿಂತಿದ್ದೆ. ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಆಪರೇಷನ್ನಾಗಿ ಎರಡನೇ ದಿನ. ಅಪ್ಪ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಂಗಾತ ಮಲಗಿದ್ದ, ತಲೆ ಅಲ್ಲಾಡಿಸಬಾರದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಬೆಳಗ್ಗೆ ಹತ್ತರ ಹೊತ್ತಿಗೆ ಮಾವನ ಫೋನು ಬಂತು. ಅಪ್ಪನಿಗೆ ಕೇಳಲೆಂದು ನಾನೇ ಸ್ಪೀಕರಿಗೆ ಹಾಕಿ ದಿಂಬಿನ ಹತ್ತಿರ ಹಿಡಿದೆ. ಅಮ್ಮ ಮಂಚದ ತುದಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಮೂವರೂ ಕೇಳಿದೆವು, ಒಂದೊಂದು ಅಕ್ಷರವನ್ನೂ.

"ಭಾವ, ಬಟ್ಟೆ ರಾಶಿ ಬಿದ್ದಿದೆ. ಒಂದೇ ಮಷೀನಲ್ಲಿ ಆಗ್ತಿಲ್ಲ. ಮ್ಯಾನೇಜರು ತಲೆ ತಿಂತಿದ್ದಾರೆ. ಎರಡನೇದು ಚಾಲೂ ಮಾಡ್ಲಾ?"

"ಬೇಡ."

"ಹದಿನಾರು ನಿಲ್ಲಲ್ಲ ಅಂತ ಗೊತ್ತು. ಮೂವತ್ತೆರಡು ಅದೇ ಗಾತ್ರ, ಸರಿಯಾಗಿ ಕೂರುತ್ತೆ. ಇವತ್ತೊಂದು ದಿನ—"

"ಬೇಡ ಅಂದ್ನಲ್ಲ! ಒಳಗಿನ ವೈರು ಅಷ್ಟು ತಡೆಯಲ್ಲ. ಬೇರಿಂಗು ಬರೋವರೆಗೂ ಅದರ ಹತ್ರ ಹೋಗ್ಬೇಡ. ಕೇಳಿಸ್ತಾ?"

"ಆಯ್ತು ಭಾವ, ಆಯ್ತು. ನೀವು ಟೆನ್ಷನ್ ಮಾಡ್ಕೋಬೇಡಿ, ಕಣ್ಣಿಗೆ ಒಳ್ಳೇದಲ್ಲ."

ಫೋನಿಟ್ಟ ಹತ್ತೇ ನಿಮಿಷಕ್ಕೆ ಆ ಪುಣ್ಯಾತ್ಮ ಮೂವತ್ತೆರಡು ಹಾಕಿದ. ಅಪ್ಪನ ಸಹಿ ಇದ್ದ ಚೀಟಿ ಕಟ್ಟಿದ. ಅಂದು ಮಷೀನು ಓಡಿತು, ಮಾರನೆಯ ದಿನವೂ ಓಡಿತು. ಮೂರನೆಯ ದಿನ ಮಧ್ಯಾಹ್ನ ಬೇರಿಂಗು ಪೂರ್ತಿ ಕಚ್ಚಿಕೊಂಡಿತು. ಮೋಟಾರು ತಿರುಗಲಾರದೆ ಗುಂಯ್ ಎನ್ನುತ್ತ ಕರೆಂಟು ಎಳೆಯಿತು. ಹದಿನಾರರ ಫ್ಯೂಸು ಇದ್ದಿದ್ದರೆ ಪಟ್ ಎಂದು ಹೋಗಿ ಅಲ್ಲಿಗೆ ಮುಗಿಯುತ್ತಿತ್ತು. ಮೂವತ್ತೆರಡು ಗಟ್ಟಿಯಾಗಿ ನಿಂತಿತು, ಸ್ವಿಚ್ಚಿನ ಪೆಟ್ಟಿಗೆಯೊಳಗಿನ ವೈರು ಕರಗಿತು. ಹೊಗೆ ಕಂಡು ಸ್ವಿಚ್ಚು ಆಫ್ ಮಾಡಲು ಕೈ ಚಾಚಿದ್ದು ಹಾಸಿಗೆ ಬಟ್ಟೆ ಮಡಿಸುವ ಹೆಂಗಸು. ಎಲ್ಲರೂ ಅವಳನ್ನು ದುಪ್ಪಟಿ ಅಕ್ಕ ಎಂದೇ ಕರೆಯುತ್ತಿದ್ದರು. ಅವಳ ಮುಖಕ್ಕೇ ಬೆಂಕಿ ಹಾರಿತು. ಮುಖಕ್ಕೆ ಕೈ ಅಡ್ಡ ಹಿಡಿದಳು, ಮುಖ ಉಳಿಯಿತು. ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಬೆಂದುಹೋಯಿತು.

ವಿಚಾರಣೆಗೆ ಹೊರಗಿನಿಂದ ಒಬ್ಬ ಅಧಿಕಾರಿ ಬರುತ್ತಾರೆಂದಾಯಿತು. ಚೀಟಿಯಲ್ಲಿ ಅಪ್ಪನ ಸಹಿ. ತಪ್ಪು ಅಪ್ಪನದೆಂದಾದರೆ ಕೆಲಸ ಹೋಗುತ್ತದೆ, ಅವನ ಪರವಾನಗಿಯನ್ನು ಕಿತ್ತುಕೊಳ್ಳುತ್ತಾರೆ, ಮತ್ತೆ ಅವನು ಎಲ್ಲೂ ಒಂದು ಸ್ವಿಚ್ಚು ಮುಟ್ಟುವಂತಿಲ್ಲ. ಅಪ್ಪನಿಗೆ ಆ ಭಯವೇ ಇರಲಿಲ್ಲ. "ಫೋನಲ್ಲಿ ಬೇಡ ಅಂದಿದ್ದನ್ನ ನೀವಿಬ್ಬರೂ ಕೇಳಿದ್ದೀರಲ್ಲ, ಇನ್ನೇನು ಬೇಕು" ಎಂದಿದ್ದ. ನಮ್ಮನ್ನು ಸಾಕ್ಷಿಗೆ ಕರೆಸಿ ಎಂದು ಬರೆದು ಕೊಟ್ಟವನೂ ಅವನೇ.

ವಿಚಾರಣೆಯ ಹಿಂದಿನ ದಿನ ಅಪ್ಪ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಾಗ ಮಾವ ಬಂದ. ಸಿಳ್ಳೆ ಇರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ಕುಸಿದು ಕೂತು ಅತ್ತ. ನಾಟಕವಲ್ಲ, ನಿಜವಾಗಿಯೇ ಬಿಕ್ಕಿ ಬಿಕ್ಕಿ ಅತ್ತ.

"ಅಕ್ಕಾ, ನಾನು ಅಂತ ಗೊತ್ತಾದ್ರೆ ನೇರ ಜೈಲಿಗೆ ಹಾಕ್ತಾರೆ. ಮಕ್ಕಳಿನ್ನೂ ಚಿಕ್ಕವು. ಭಾವನಿಗಾದ್ರೆ ಮೂವತ್ತು ವರ್ಷದ ಸರ್ವೀಸು, ನಾಲ್ಕು ಮಾತು ಬೈದು ಬಿಟ್ಬಿಡ್ತಾರೆ. ಸುಳ್ಳು ಹೇಳಿ ಅಂತ ನಾನು ಕೇಳ್ತಿಲ್ಲ. ಫೋನಲ್ಲಿ ಏನು ಮಾತಾಡಿದ್ರೋ ನಮಗೆ ಕೇಳಿಸ್ಲಿಲ್ಲ ಅನ್ನಿ, ಅಷ್ಟೇ. ಸ್ವಲ್ಪ ತಣ್ಣಗಾದ ಮೇಲೆ ನಾನೇ ಹೋಗಿ ಎಲ್ಲಾ ಒಪ್ಕೊಳ್ತೀನಿ. ನಿನ್ನಾಣೆ."

ಅಮ್ಮ ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ನನ್ನ ಕೈ ಹಿಡಿದಳು.

"ಇವತ್ತೊಂದು ದಿನ ಕಣೇ. ನಾಳೆ ಒಂದು ಮಾತು ಹೇಳಿ ಬಂದ್ಬಿಡೋಣ. ಆಮೇಲೆ ಅವನೇ ಸರಿ ಮಾಡ್ತಾನೆ. ನಾನು ಎತ್ತಿ ಬೆಳೆಸಿದ ಮಗು ಅದು."

ಆ ಮಾತನ್ನು ಅಮ್ಮನ ಬಾಯಲ್ಲಿ ಕೇಳಿದಾಗಲಾದರೂ ನನಗೆ ಎಚ್ಚರವಾಗಬೇಕಿತ್ತು. ಇಪ್ಪತ್ತೆರಡು ವರ್ಷದವಳು, ಕತ್ತೆಯಂಥವಳು, ತಲೆಯಾಡಿಸಿದೆ.

ಮ್ಯಾನೇಜರ ಕೋಣೆಯಲ್ಲಿ ನಾಲ್ಕು ಕುರ್ಚಿ ಹಾಕಿದ್ದರು. ಮೇಜಿನ ಮೇಲೆ ಕಪ್ಪಗಾದ ಆ ಚೀಟಿ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದ. ಜೇಬಿನಿಂದ ಹದಿನಾರರ ಫ್ಯೂಸು ತೆಗೆದು ಮೇಜಿನ ಮೇಲಿಟ್ಟ.

"ಆ ಮಷೀನಿಂದ ನಾನು ಕಿತ್ತುಕೊಂಡು ಹೋಗಿದ್ದು ಇದು ಸಾರ್. ಓಡಿಸೋ ಮನಸ್ಸಿದ್ದಿದ್ರೆ ಯಾಕೆ ಕಿತ್ತುಕೊಂಡು ಹೋಗ್ತಿದ್ದೆ? ಆ ಚೀಟಿ ನೋಡಿ, ನಾಲ್ಕನೇ ಸಾಲು ಖಾಲಿ ಇದೆ. ನನ್ನ ಚೀಟಿ ಒಂದಾದ್ರೂ ಹಾಗಿದೆಯಾ, ಹಳೇ ಕಟ್ಟು ತೆಗೆಸಿ ನೋಡಿ."

"ಸಹಿ ನಿಮ್ಮದೇ ತಾನೇ?" ಅಧಿಕಾರಿ ಕೇಳಿದರು.

"ನನ್ನದೇ. ಖಾಲಿ ಚೀಟಿಗೆ ಹಾಕಿದ್ದು. ಅದು ನನ್ನ ತಪ್ಪು, ಒಪ್ಕೊಳ್ತೀನಿ. ಆ ಫ್ಯೂಸು ಮಾತ್ರ ನನ್ನದಲ್ಲ."

ಅಧಿಕಾರಿ ಮಾವನ ಕಡೆ ತಿರುಗಿದರು. ಮಾವ ನೆಲ ನೋಡುತ್ತ ಹೇಳಿದ.

"ಭಾವನೇ ಫೋನಲ್ಲಿ ಹೇಳಿದ್ರು ಸಾರ್. ಮೂವತ್ತೆರಡು ಹಾಕು, ಇವತ್ತೊಂದು ದಿನ ನಡೀಲಿ ಅಂತ."

ಕೇಳಿಸಲಿಲ್ಲ ಅನ್ನಿ ಎಂದಷ್ಟೇ ಹೇಳಿ ಹೋಗಿದ್ದ ಕಳ್ಳ, ಅಪ್ಪನ ಬಾಯಿಗೆ ಈ ಮಾತನ್ನು ತುರುಕುತ್ತೇನೆಂದು ಹೇಳಿರಲಿಲ್ಲ. ಜಗತ್ತಿನಲ್ಲಿ ಅಪ್ಪ ಆಡಲಾರದ ಮಾತು ಒಂದಿದ್ದರೆ ಅದೇ. ಅಪ್ಪ ಕುರ್ಚಿಯಿಂದ ಅರ್ಧ ಎದ್ದ. ಬೈಯಲಿಲ್ಲ. "ನಾನಾ? ನಾನಾ ಹಾಗಂದಿದ್ದು?" ಎಂದು ಎರಡು ಸಲ ಕೇಳಿದ. ಆಮೇಲೆ ನಮ್ಮ ಕಡೆ ನೋಡಿ ಕೂತುಕೊಂಡ, ಇನ್ನು ಇವರು ಹೇಳುತ್ತಾರೆ ಎಂಬ ಧೈರ್ಯದಿಂದ.

ಅಮ್ಮ, "ನಾನು ಅಡುಗೆಮನೇಲಿದ್ದೆ ಸಾರ್, ನನಗೆ ಕೇಳಿಸ್ಲಿಲ್ಲ" ಎಂದಳು.

"ನೀನಮ್ಮಾ?"

ಅಪ್ಪನ ಕನ್ನಡಕ ನನ್ನ ಕಡೆಗಿತ್ತು. ಎದ್ದು ನಿಂತು ಕಿರುಚಬೇಕು ಎನಿಸಿತು. ಈಗ ನಾನು ಬಾಯಿ ಬಿಟ್ಟರೆ ಅಮ್ಮನೂ ಸುಳ್ಳುಗಾತಿ ಆಗುತ್ತಾಳೆ ಎಂಬುದು ತಲೆಗೆ ಬಂತು. ಅಮ್ಮನ ಕೈ ನನ್ನ ತೊಡೆಯ ಮೇಲಿತ್ತು.

"ನಾನು ಫೋನು ಕೊಟ್ಟು ಸ್ನಾನಕ್ಕೆ ಹೋದೆ ಸಾರ್. ನನಗೂ ಕೇಳಿಸ್ಲಿಲ್ಲ."

ಫೋನು ಹಿಡಿದ ಕೈ ನನ್ನದು. ಅಪ್ಪ ಮೇಜಿನ ಮೇಲಿನ ಫ್ಯೂಸನ್ನು ಎತ್ತಿಕೊಂಡು ಜೇಬಿಗೆ ಹಾಕಿಕೊಂಡು, ಗೋಡೆ ಹಿಡಿದು ಹೊರಗೆ ನಡೆದ. ಕಣ್ಣು ಇನ್ನೂ ಸರಿಯಾಗಿ ಕಾಣುತ್ತಿರಲಿಲ್ಲ. ಕೈ ಹಿಡಿಯಲು ಹೋದೆ, ಮೆಲ್ಲಗೆ ಬಿಡಿಸಿಕೊಂಡ.

ಕೆಲಸ ಹೋಯಿತು. ಪರವಾನಗಿಯೂ ಹೋಯಿತು. ಆ ವಾರದ ಕೊನೆಗೆ ಅಮ್ಮ ಅಪ್ಪನ ಮುಂದೆ ಕೂತು ಸಮಾಧಾನ ಹೇಳಲು ನೋಡಿದಳು.

"ನೀವೇ ಹೇಳ್ತಿದ್ರಲ್ಲ, ಫ್ಯೂಸು ಹೋದ್ರೂ ಪರವಾಗಿಲ್ಲ, ಮನೆ ಉಳಿಯುತ್ತೆ ಅಂತ. ಹಾಗೆ ಅಂದ್ಕೊಳ್ಳಿ."

ಅಮ್ಮನ ಮೇಲೆ ಅಪ್ಪ ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಫ್ಯೂಸು ಹೋದ್ರೆ ಯಾಕೆ ಹೋಯ್ತು ಅಂತ ನೋಡ್ತಾರೆ ಕಣೇ! ನೀವು ಯಾರು ನೋಡಿದ್ರಿ? ಕಿತ್ತು ಬಿಸಾಕಿ ಅವನನ್ನ ಹಾಕಿದ್ರಿ. ಅವನು ಮೂವತ್ತೆರಡು. ಯಾವತ್ತೂ ಹೋಗಲ್ಲ ಅವನು. ಸುತ್ತ ಇರೋರೇ ಸುಡೋದು."

ನನ್ನನ್ನು ಮಾತ್ರ ಒಂದು ಮಾತೂ ಕೇಳಲಿಲ್ಲ. ಯಾಕೆ ಹಾಗೆ ಹೇಳಿದೆ ಎಂದು ಒಂದು ಸಲ ಕೇಳಿದ್ದರೆ ಕಾಲಿಗೆ ಬಿದ್ದು ಅತ್ತು ಹಗುರಾಗುತ್ತಿದ್ದೆ. ಊಟಕ್ಕೆ ಕರೆದರೆ ಬರುತ್ತಿದ್ದ, ಬಸ್ಸಿಗೆ ಹೊತ್ತಾಯಿತು ಎಂದು ನೆನಪಿಸುತ್ತಿದ್ದ. ಲೆಕ್ಕ ಮಾಡಿಸುವುದು, ಫ್ಯೂಸು ತೋರಿಸುವುದು, 'ಮಗಳೇ' ಎನ್ನುವುದು ನಿಂತುಹೋಯಿತು.

ಮಾವ ಒಪ್ಪಿಕೊಂಡನೇ? ತಣ್ಣಗಾಗಲಿ ಎಂದ. ಆಮೇಲೆ ಹೆಂಡತಿಗೆ ಮೈ ಸರಿಯಿಲ್ಲ ಎಂದ. ಆಮೇಲೆ ಅಪ್ಪನ ಜಾಗಕ್ಕೆ ಅವನನ್ನೇ ಹಾಕಿದರು, ಮತ್ತೆ ಆ ಮಾತೇ ಎತ್ತಲಿಲ್ಲ. ಮೆಟ್ಟಿಲ ಕೆಳಗಿನ ಕೋಣೆ, ಅಪ್ಪ ಬರೆದ ಅಂಕಿಗಳ ಆ ಕಪಾಟು, ಎಲ್ಲ ಅವನದಾಯಿತು. ನಮ್ಮ ಮನೆಗೆ ಬರುವುದನ್ನೇನೂ ಬಿಡಲಿಲ್ಲ, ನಾಚಿಕೆ ಮಾನ ಮರ್ಯಾದೆ ಇದ್ದರೆ ತಾನೇ! ಬೀದಿಯ ತುದಿಯಲ್ಲಿ ಸಿಳ್ಳೆ ಕೇಳಿದ ಕೂಡಲೇ ಅಪ್ಪ ಎದ್ದು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಅಮ್ಮ ಟೀ ಮಾಡುತ್ತಿದ್ದಳು. ತಂದು ಕೊಡುತ್ತಿದ್ದವಳು ನಾನು. ಮನಸ್ಸಿನಲ್ಲಿ ಹಲ್ಲು ಕಡಿಯುತ್ತ, ಸಕ್ಕರೆ ಸಾಕಾ ಮಾವ ಎಂದು ಕೇಳುತ್ತ, ಹೀಗೆ ಏಳು ವರ್ಷ.

ನಾನೀಗ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಮೊನ್ನೆ ಮಧ್ಯಾಹ್ನ ಒಬ್ಬ ಹೆಂಗಸು ಚರ್ಮಕ್ಕೆ ಹಚ್ಚುವ ಮುಲಾಮು ಕೇಳಿಕೊಂಡು ಬಂದಳು. ಸೆರಗಿನ ಕೆಳಗಿಂದ ಎಡಗೈ ಮಾತ್ರ ಹೊರಗೆ ಚಾಚಿದಳು. ಮುಖ ನೋಡಿದೆ, ದುಪ್ಪಟಿ ಅಕ್ಕ. ಅವಳಿಗೂ ನನ್ನ ಗುರುತು ಸಿಕ್ಕಿತು.

"ನಿಧಾನಣ್ಣನ ಮಗಳಲ್ವಾ? ಹೇಗಿದ್ದಾರಮ್ಮ ಅವರು?"

"ಇದ್ದಾರೆ ಅಕ್ಕ."

"ಒಂದು ಮಾತು ಹೇಳಿಬಿಡು ಅವರಿಗೆ. ನಾನು ಮನಸ್ಸಲ್ಲಿ ಏನೂ ಇಟ್ಕೊಂಡಿಲ್ಲ. ಪಾಪ, ಕಣ್ಣು ಕಾಣದ ಹೊತ್ತಲ್ಲಿ ಏನೋ ಬಾಯ್ತಪ್ಪಿ ಹೇಳ್ಬಿಟ್ರು. ಯಾವತ್ತೋ ಕ್ಷಮಿಸ್ಬಿಟ್ಟಿದ್ದೀನಿ ಅಂತ ಹೇಳಮ್ಮ. ಅವರ ಬಾಮೈದ ಒಳ್ಳೆಯವರು, ನನಗೆ ಕೂತು ಮಾಡೋ ಕೆಲಸ ಕೊಡಿಸಿದ್ದಾರೆ."

ಯಾರ ಕೈ ಸುಟ್ಟಿತ್ತೋ ಅವಳು, ಯಾರು ಸುಡಲಿಲ್ಲವೋ ಅವನನ್ನು ಕ್ಷಮಿಸಿ, ಸುಟ್ಟವನನ್ನು ಹೊಗಳಿ, ಮುಲಾಮು ತೆಗೆದುಕೊಂಡು ಹೋದಳು. ಸುಮ್ಮನೆ ನಿಂತು ಕಳಿಸಿದೆ. ಎರಡನೇ ಸಲವೂ ಸುಮ್ಮನಿದ್ದೆ. ನನ್ನ ಜನ್ಮಕ್ಕಿಷ್ಟು!

ಅಂಗಡಿ ಮಾಲೀಕರಿಗೆ ಹೇಳಿ ಬೇಗನೆ ಮನೆಗೆ ಬಂದೆ. ಅಪ್ಪ ಕಿಟಕಿಯ ಹತ್ತಿರ ಪೇಪರು ಹಿಡಿದು ಕೂತಿದ್ದ. ಕಪಾಟಿನಲ್ಲಿ ಅವನ ಹಳೆಯ ತಗಡಿನ ಡಬ್ಬಿ ಇದೆ, ಯಾರೂ ಮುಟ್ಟುವುದಿಲ್ಲ. ಅವನೆದುರೇ ತೆಗೆದೆ. ಒಳಗೆ ಹದಿನಾರರ ಫ್ಯೂಸು, ಅದಕ್ಕೆ ದಾರದಲ್ಲಿ ಕಟ್ಟಿದ ಒಂದು ಚೀಟಿ. ಅಪ್ಪನ ಗುಂಡು ಅಕ್ಷರ. ಯಾವ ಮಷೀನು: 'ನಾನು' ಎಂದು ಬರೆದಿದ್ದ. ಯಾವ ಫ್ಯೂಸು ಹೋಯಿತು: 'ಹದಿನಾರು'. ಯಾವುದನ್ನು ಹಾಕಿದರು: 'ಮೂವತ್ತೆರಡು'. ನಾಲ್ಕನೇ ಸಾಲು ಖಾಲಿ. ಕೆಳಗೆ ಸಹಿಯೂ ಇಲ್ಲ.

ನಾಲ್ಕನೇ ಸಾಲನ್ನು ಖಾಲಿ ಬಿಡದ ಮನುಷ್ಯ ಅದೊಂದನ್ನು ಖಾಲಿ ಬಿಟ್ಟಿದ್ದ. ಅವನಿಗೆ ಕಾರಣ ಗೊತ್ತಿರಲಿಲ್ಲವೇ? ಗೊತ್ತಿತ್ತು. ನನ್ನ ಹೆಸರು ಬರೆಯಲು ಅವನ ಕೈ ಬಂದಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಪೆನ್ನು ತೆಗೆದು ಬರೆದೆ: 'ಅಪ್ಪ ಫೋನಿನಲ್ಲಿ ಬೇಡ ಎಂದದ್ದನ್ನು ಮಗಳು ತನ್ನ ಕಿವಿಯಾರೆ ಕೇಳಿದ್ದಳು. ಕೇಳಿಸಲಿಲ್ಲ ಎಂದು ಸುಳ್ಳು ಹೇಳಿದಳು.' ಕೆಳಗೆ ನನ್ನ ಸಹಿ ಹಾಕಿದೆ.

ಅಮ್ಮ ಒಳಗಿಂದ ಬಂದು ನನ್ನ ಹೆಗಲ ಮೇಲಿಂದ ಓದಿದಳು. ಮುಖ ಬಿಳಿಚಿತು.

"ಏನೇ ಇದು? ಯಾರಿಗೆ ತೋರಿಸ್ತೀಯ?"

"ನಾಳೆ ಬೆಳಗ್ಗೆ ಲಾಂಡ್ರಿ ಆಫೀಸಿಗೆ. ಅಲ್ಲಿಂದ ದುಪ್ಪಟಿ ಅಕ್ಕನ ಮನೆಗೆ."

"ಇವತ್ತೊಂದು ದಿನ ಸುಮ್ನಿರೇ. ಅವನನ್ನ ಕರೆಸಿ ಮಾತಾಡೋಣ. ಇವತ್ತೊಂದು ದಿನ."

ಎದ್ದು ಹೋಗಿ ಚೀಟಿಯನ್ನು ಅಪ್ಪನ ಕೈಗಿಟ್ಟೆ. ಅಪ್ಪ ಪೇಪರು ಮಡಿಸಿಟ್ಟು, ಕನ್ನಡಕ ಹುಡುಕಿ ಹಾಕಿಕೊಂಡು, ಬೆಳಕಿಗೆ ಹಿಡಿದು ಓದಿದ. ನಿಧಾನವಾಗಿ ಓದಿದ. ಒಂದು ಸಲ ಮುಗಿಸಿ ಮತ್ತೆ ಮೊದಲಿನಿಂದ ಓದಿದ. ನಾನು ಬೈಗುಳಕ್ಕೆ ಕಾದೆ.

"ತಾರೀಖು ಹಾಕಿಲ್ಲ" ಎಂದ.

ಪೆನ್ನು ತೆಗೆದುಕೊಂಡೆ. ಅವತ್ತಿನ ತಾರೀಖು ಬರೆಯಲು ಹೋದೆ. ಅಪ್ಪ ನನ್ನ ಮಣಿಕಟ್ಟು ಹಿಡಿದು ತಡೆದ.

"ಇವತ್ತಿನದಲ್ಲ ಮಗಳೇ. ಫ್ಯೂಸು ಹೋದ ದಿನದ್ದು ಹಾಕ್ಬೇಕು."